ತಿಮ್ಮರಾಜುವಿನ ಫಿಯೆಟ್ಟೂ ಸುಬ್ಬಣ್ಣ ಮೇಷ್ಟ್ರ ಹಟವೂ

ಕಾವೇರಿಯ ನಾಲೆ ಹರಿದ ಕಡೆಯಲ್ಲೆಲ್ಲ ಮೊದಲು ಬತ್ತ ಬಂತು, ಆಮೇಲೆ ಕಬ್ಬು ಬಂತು, ಕಬ್ಬಿನ ಬೆನ್ನಿಗೇ ಮೋಟಾರು ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಇಂದು ಗಾಡಿ ಓಡಿಸುವವರಿಗೆ ಬರವಿಲ್ಲ. ಕೆಟ್ಟ ಗಾಡಿಯನ್ನು ಬಿಚ್ಚಿ ಹರವುವವರಿಗಂತೂ ಮೊದಲೇ ಬರವಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಮುನ್ನ, ಇದು ಯಾಕೆ ಹೀಗಾಯಿತು ಎಂದು ಒಂದು ಗಳಿಗೆ ಸುಮ್ಮನೆ ಕೂತು ಯೋಚಿಸುವವರು ಮಾತ್ರ ಅಪರೂಪ. ಅಂಥ ಅಪರೂಪದವರ ಪೈಕಿ ಮೊದಲ ಮಣೆಗೆ ಸಲ್ಲುವವರು, ಮೂವತ್ತೈದು ವರ್ಷ ಮೋಟಾರು ವಿದ್ಯೆಯನ್ನು ಹಳ್ಳಿಯ ಮಕ್ಕಳಿಗೆ ಅಚ್ಚಗನ್ನಡದಲ್ಲಿ ಪಾಠ ಹೇಳಿ, ಈ ತೊಂಬತ್ತೊಂಬತ್ತನೆಯ ಇಸವಿಯ ಬೇಸಗೆಯಲ್ಲಿ ನಿವೃತ್ತರಾಗುತ್ತಿರುವ ಶ್ರೀ ಸುಬ್ಬಣ್ಣನವರು. ಅವರ ಗೌರವಕ್ಕೆಂದು ಶಿಷ್ಯರೂ ಸಹೋದ್ಯೋಗಿಗಳೂ ಹೊರತರುತ್ತಿರುವ ಈ ಗ್ರಂಥದಲ್ಲಿ ಅವರ ವಿದ್ವತ್ತನ್ನು ಕುರಿತು ಬಲ್ಲವರು ಬರೆದಿದ್ದಾರೆ. ಈ ಲೇಖನದ ಪಾಲಿಗೆ ಬಂದಿರುವುದು ಅವರ ಹಟ.

ಸುಬ್ಬಣ್ಣನವರು ಹುಟ್ಟಿದ್ದು ಗಂಜಾಮಿನಲ್ಲಿ. ತಂದೆಯವರದು ನಿಮಿಷಾಂಬೆಯ ಸನ್ನಿಧಿಗೆ ಹೂವು ಕಟ್ಟಿಕೊಡುವ ಸೇವೆ. ಬೆಳಗಿನ ಜಾವದಲ್ಲಿ ನದಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ದಾರಕ್ಕೆ ಹೂವು ಸೇರಿಸುತ್ತಿದ್ದ ಮನೆಯಿಂದ ಒಬ್ಬ ಹುಡುಗ ಎದ್ದು, ತಾನು ಮೋಟಾರು ಕೆಲಸ ಕಲಿಯುತ್ತೇನೆ ಎಂದಾಗ ನೆಂಟರಿಷ್ಟರು ಮೂಗಿನ ಮೇಲೆ ಬೆರಳಿಟ್ಟರಂತೆ. ತಂದೆ ಮಾತ್ರ ಹೂವಿನಿಂದ ಕಣ್ಣೆತ್ತದೆ, "ದೇವರೇ ವಾಹನ ಇಲ್ಲದೆ ಮನೆ ಬಿಟ್ಟು ಹೊರಡೋಲ್ಲ. ಹೋಗು, ಕಲಿ" ಎಂದರಂತೆ. ಆ ಮಾತನ್ನು ಸುಬ್ಬಣ್ಣನವರು ಅಪ್ಪಣೆಯೆಂದೇ ತಲೆಯ ಮೇಲೆ ಹೊತ್ತುಕೊಂಡರು. ಇಂದಿಗೂ ಬೆಳಿಗ್ಗೆ ನಿಮಿಷಾಂಬೆಗೆ ಕೈಮುಗಿಯದೆ ಅವರು ಸ್ಪ್ಯಾನರು ಮುಟ್ಟುವವರಲ್ಲ.

ಅರುವತ್ತನಾಲ್ಕರಲ್ಲಿ ನಾಗಮಂಗಲದ ತರಬೇತಿ ಶಾಲೆಗೆ ಅವರು ಬಂದಾಗ ಅಲ್ಲಿ ಇದ್ದದ್ದು ಒಂದು ಶೆಡ್ಡು, ಓಡದ ಒಂದು ಜೀಪು. ಕಲಿಸಲು ಸಾಮಾನಿಲ್ಲವೆಂದು ಅವರು ಮೇಲಿನವರಿಗೆ ಬರೆಯುತ್ತ ಕೂರಲಿಲ್ಲ. ದೀಪದ ಕಂಬ, ಗಂಟೆ, ತಂಬಿಗೆಗಳನ್ನು ಎರಕ ಹೊಯ್ಯುವ ಅಲ್ಲಿನ ಕಂಚುಗಾರರ ಕೇರಿಗೆ ಹೋಗಿ, ಅವರ ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ನೇಹ ಮಾಡಿಕೊಂಡು, ಗೇರು ಚಕ್ರಗಳ ಮಾದರಿಯನ್ನು ಹುಡುಗರ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಎರಕ ಹೊಯ್ಯಿಸಿದರು. ಆಮೇಲೆ ಕೃಷ್ಣರಾಜಪೇಟೆಯಲ್ಲಿ ಹದಿನೈದು ವರ್ಷ. ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ ಹುಡುಗರಿಗೆ ಅವರ ಮಡದಿ ಭಾಗೀರಥಮ್ಮನವರು ಡಬ್ಬಿ ತುಂಬ ಚಿತ್ರಾನ್ನ ಕಳಿಸುತ್ತಿದ್ದರೆಂಬುದೂ, ಆ ಡಬ್ಬಿಯನ್ನು ಮೇಷ್ಟ್ರು "ನಮ್ಮನೇಲಿ ಮಿಕ್ಕಿತ್ತು" ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಇಟ್ಟು ಹೋಗುತ್ತಿದ್ದರೆಂಬುದೂ ಅಲ್ಲಿ ಓದಿದವರೆಲ್ಲ ಬಲ್ಲ ಸಂಗತಿ. ದಿನಾ ಒಂದೇ ಮನೆಯಲ್ಲಿ ಅಷ್ಟೊಂದು ಹೇಗೆ ಮಿಗುತ್ತದೆ ಎಂದು ಯಾರೂ ಕೇಳಲಿಲ್ಲ. ಎಂಬತ್ತೇಳರ ಸುಮಾರಿಗೆ ಪಾಂಡವಪುರಕ್ಕೆ ವರ್ಗವಾಯಿತು. ಅಲ್ಲಿ ನಡೆದ ಒಂದೇ ಒಂದು ಪ್ರಸಂಗವನ್ನು ಸಾವಧಾನವಾಗಿ ಹೇಳಿದರೆ ಸುಬ್ಬಣ್ಣನವರು ಎಂಥವರೆಂಬುದು ತಾನಾಗಿಯೇ ತಿಳಿದೀತು.

ತೊಂಬತ್ತನಾಲ್ಕನೆಯ ಇಸವಿ. ಅರಕೆರೆಯ ತಿಮ್ಮರಾಜು ಎಂಬ ಒಕ್ಕಲು ಮನೆತನದ ಗಂಡಸು ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕದ ಕಾರು ಸಾಲಿನಲ್ಲಿ ಒಂದು ಹಳೆಯ ಫಿಯೆಟ್ಟು ಇಟ್ಟುಕೊಂಡು ಬಾಡಿಗೆ ಓಡಿಸುತ್ತಿದ್ದ. ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಇವನಿಗೆ ಕಾರೇ ಹೊಲ, ಕಾರೇ ಮನೆ. ಆ ಸಾಲಿಗೆ ತನ್ನದೇ ಒಂದು ಕಟ್ಟಳೆ ಉಂಟು. ಹೊಸದಾಗಿ ಬಂದ ಕಾರಿನ ಮುಂದೆ ಕಾಯಿ ಒಡೆದು, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಸ್ಟ್ಯಾಂಡಿನ ಹಿರಿಯರಾದ ಕೆಂಪಣ್ಣನವರು "ನಿಂತ್ಕೊ" ಎಂದರೆ ಅದಕ್ಕೆ ಸಾಲಿನಲ್ಲಿ ಸರದಿ ಸಿಕ್ಕಿತು. ಮುಂದಿನ ಕಾರು ಗಿರಾಕಿ ಹತ್ತಿಸಿಕೊಂಡು ಹೋದರೆ ಹಿಂದಿನದು ಮುಂದಕ್ಕೆ. ಹೋದದ್ದು ಬಂದು ಬಾಲಕ್ಕೆ ನಿಲ್ಲಬೇಕು. ಬರಹವಿಲ್ಲ, ರುಜುವಿಲ್ಲ. ಕೆಂಪಣ್ಣನವರ ಮಾತೇ ಶಾಸನ. ಅವರು "ನಿನಗೆ ಸರದಿ ಇಲ್ಲ" ಎಂದರೆ ಆ ಕಾರಿಗೆ ಆ ಊರಿನಲ್ಲಿ ಗಿರಾಕಿ ಇಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಇಳಿಸುವಾಗ ತಿಮ್ಮರಾಜು ಕಾಲು ಜಾರಿ ಬಿದ್ದ. ಬಲ ಹೆಗಲಿನ ಕೀಲು ತಪ್ಪಿತು. ಯುಗಾದಿಯ ಹೊತ್ತಿಗೆ ಕೈಯನ್ನು ಎತ್ತುವಂತಾದ, ತಲೆ ಬಾಚಿಕೊಳ್ಳುವಂತಾದ. ಆದರೆ ಕಸುವು ಮಾತ್ರ ಮರಳಲಿಲ್ಲ. ಫಿಯೆಟ್ಟಿನಲ್ಲಿ ಗೇರಿನ ಕೋಲು ಸ್ಟೇರಿಂಗಿನ ಎಡ ಮಗ್ಗುಲಿಗೆ ಇರುತ್ತದೆ. ಎಡಗೈ ಗೇರಿಗೆ ಹೋದಾಗಲೆಲ್ಲ ಬಲಗೈ ಒಂದೇ ಕಾರನ್ನು ಹಿಡಿದಿರಬೇಕು. ಹಿಡಿಯಲಾರದ ಕೈಯಿಂದ ಕಾರು ಆ ಒಂದು ಕ್ಷಣದಲ್ಲಿ ಯಾವ ಮಗ್ಗುಲಿಗೆ ಬೇಕೋ ಆ ಮಗ್ಗುಲಿಗೆ ಹೊರಳುತ್ತಿತ್ತು.

ಕೆಂಪಣ್ಣನವರು ನೋಡುವಷ್ಟು ದಿನ ನೋಡಿದರು. ಒಂದು ಮಧ್ಯಾಹ್ನ ಸಾಲಿನಲ್ಲೇ ಹೇಳಿದರು: "ಲೇ ತಿಮ್ಮರಾಜ, ನಾ ಏಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನೀನೇನೋ ಒಬ್ನೇ ಸಾಯ್ತೀಯ. ಇಂದ್ಗಡೆ ಕುಂತೋರು ಏನ್ ಪಾಪ ಮಾಡವ್ರೆ? ಕಾರ್ ಮಾರ್ಬುಡು. ಗದ್ದೇಲಿ ನೀರ್ ಕಟ್ಟಕ್ಕೆ ಒಂದ್ ಕೈ ಸಾಕು."

ಹೇಳಿದ್ದು ಕ್ರೂರವೆಂದು ತಿಮ್ಮರಾಜುವಿಗೂ ಅನ್ನಿಸಲಿಲ್ಲ. ಅವನು ಕಾರನ್ನು ಪಾಂಡವಪುರಕ್ಕೆ ಒಯ್ದು ಸುಬ್ಬಣ್ಣನವರ ಮನೆಯ ಮುಂದೆ ನಿಲ್ಲಿಸಿದ. ಹಿಂದೊಮ್ಮೆ ಭಾಗೀರಥಮ್ಮನವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಿದ್ದ ಪರಿಚಯ. ಜೊತೆಯಲ್ಲಿ ಅವನ ಹೆಂಡತಿ ಬೈರಮ್ಮನೂ ಇದ್ದಳು.

"ಮೇಷ್ಟ್ರೇ, ನಿಮ್ಗೆ ನಾಕ್ ಜನ ಗೊತ್ತು. ಇದ್ಕೊಂದ್ ಒಳ್ಳೆ ಗಿರಾಕಿ ನೋಡ್ಕೊಡಿ" ಎಂದ.

ಸುಬ್ಬಣ್ಣನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಾಗಿಲು ತೆಗೆದು, ಸ್ಟೇರಿಂಗನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಮುಂದಿನ ಚಕ್ರದ ಮೇಲೆ ಕಣ್ಣಿಟ್ಟರು. ಗಡಿಯಾರದ ಮುಳ್ಳು ಹನ್ನೆರಡರಿಂದ ಎರಡಕ್ಕೆ ಬರುವಷ್ಟು ತಿರುಗಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಅಷ್ಟು ಸಡಿಲ. ಆ ಸಡಿಲ ಕಳೆದ ಮೇಲೆ ಕಲ್ಲು ಸರಿಸಿದಷ್ಟು ಭಾರ. ಎಷ್ಟೋ ವರ್ಷದ ನಾಲೆ ಏರಿಯ ಗುಂಡಿಗಳು ಕೂಡಿ ಆ ಗಾಡಿಯ ಕೀಲು ಕೀಲನ್ನೂ ತಿಂದಿದ್ದವು.

"ಮಾರೋದು ಎಲ್ಲಿಗೂ ಓಡಿಹೋಗಲ್ಲ, ತಿಮ್ಮರಾಜು" ಎಂದರು. "ನಿನ್ನ ಹೆಗಲನ್ನ ಸರಿ ಮಾಡೋ ವಿದ್ಯೆ ನನಗೆ ಬರೋಲ್ಲ. ನಿನ್ನ ಹೆಗಲಿಗೆ ತಕ್ಕ ಹಾಗೆ ಕಾರನ್ನ ಮಾಡಬಹುದೇನೋ ನೋಡೋಣ. ರಜ ಶುರುವಾಗಲಿ, ಕಾರು ಇಲ್ಲೇ ಇರಲಿ."

"ಆಯ್ತದಾ ಮೇಷ್ಟ್ರೇ?"

"ಆಗೋವರೆಗೂ ಮಾಡೋಣ."

ಆಗುವವರೆಗೂ ಮಾಡೋಣ ಎಂಬುದು ಅವರ ಶಿಷ್ಯರೆಲ್ಲರಿಗೂ ಪರಿಚಯವಾದ ಮಾತು. ಅದನ್ನು ಅವರು ದನಿ ಏರಿಸಿ ಎಂದೂ ಹೇಳಿದವರಲ್ಲ. ಹೇಳಿದ ಮೇಲೆ ಎಂದೂ ಕೈಬಿಟ್ಟವರಲ್ಲ.

ರಜದ ಮೊದಲ ದಿನವೇ ಮನೆಯ ಮುಂದಿನ ಹೊಂಗೆಮರದಡಿಯಲ್ಲಿ ಫಿಯೆಟ್ಟಿನ ಮುಂಗಾಲುಗಳನ್ನು ಬಿಚ್ಚಿದರು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ನು ಎಂಬ ಗೂಟದ ಮೇಲೆ. ಬಾಗಿಲಿಗೆ ತಿರುಗಣಿ ಹೇಗೋ ಹಾಗೆ. ಆ ಗೂಟದ ಸುತ್ತಲಿನ ಬಳೆಗಳು ಸವೆದು ಹೋಗಿದ್ದವು. ಅಂಗಡಿಯಲ್ಲಿ ಸಿಕ್ಕ ಬಳೆಗಳು ಅವರ ಮನಸ್ಸಿಗೆ ಬರಲಿಲ್ಲ. ಬಸ್ಸು ಹಿಡಿದು ನಾಗಮಂಗಲಕ್ಕೆ ಹೋದರು. ಮೂವತ್ತು ವರ್ಷದ ಹಿಂದೆ ಸ್ನೇಹವಾಗಿದ್ದ ಕಂಚುಗಾರರು ಈಗ ಮುದುಕರಾಗಿದ್ದರು. ದೀಪದ ಕಂಬ ಎರೆಯುವ ಕೈಯಿಂದಲೇ ಬಳೆಗಳನ್ನು ಎರೆದುಕೊಟ್ಟರು. ಅವನ್ನು ಮೇಷ್ಟ್ರು ಲೇತಿನಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೆರೆದು ಕೂರಿಸಿದರು. ಗಾಡಿಯ ಭಾರವೆಲ್ಲ ಕೂರುವ ಕಡೆ ಬರಿಯ ತಗಡಿನ ಬಿಲ್ಲೆ ಇತ್ತು. ಅದನ್ನು ತೆಗೆದು, ಅದೇ ಅಳತೆಯ ಗುಂಡು ಬೇರಿಂಗು ಹುಡುಕಿ ಹಾಕಿದರು. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳುಗಳ ಗಂಟು ಗಂಟನ್ನೂ ಹೊಸದು ಮಾಡಿದರು. ಮೈಸೂರಿನಿಂದ ಆಗತಾನೆ ಬಳಕೆಗೆ ಬರುತ್ತಿದ್ದ ರೇಡಿಯಲ್ ಟೈರುಗಳನ್ನು ತರಿಸಿದರು. ಚಕ್ರಗಳ ನೇರ ನೋಡಲು ಅವರಲ್ಲಿ ಯಂತ್ರವಿರಲಿಲ್ಲ. ಹೂವು ಕಟ್ಟುವ ದಾರವನ್ನು ಕಾರಿನ ಎರಡೂ ಮಗ್ಗುಲಿಗೆ ಎಳೆದು ಕಟ್ಟಿ, ದಾರಕ್ಕೂ ಟೈರಿಗೂ ನಡುವಿನ ಅಂತರವನ್ನು ಅಳೆದು ಅಳೆದು ಕೂಡಿಸಿದರು. ನೆರೆಯವರಿಗೆ ಕಾರಿಗೇ ಹೂವು ಮುಡಿಸುತ್ತಿರುವಂತೆ ಕಂಡಿತಂತೆ.

ಈ ನಡುವೆ ಸ್ಟ್ಯಾಂಡಿನಿಂದ ಬುದ್ಧಿವಾದವೂ ಬಂತು. ತಿಮ್ಮರಾಜು ಯಾರದೋ ಮಾತು ಕೇಳಿ, ತೊಗಲು ಹೊದಿಸಿದ ಪುಟ್ಟ ಸ್ಟೇರಿಂಗು ಚಕ್ರವೊಂದನ್ನು ಎದೆಗವಚಿಕೊಂಡು ಬಂದ. ನೋಡಲು ಬಲು ಚೆಂದ.

"ಇದನ್ ಆಕಿದ್ರೆ ಪಟ್ ಅಂತ ತಿರುಗ್ತದಂತೆ ಮೇಷ್ಟ್ರೇ. ರೇಸ್ ಕಾರ್ನೋರು ಇದ್ನೇ ಆಕೋದಂತೆ."

ಸುಬ್ಬಣ್ಣನವರು ಬೈರಮ್ಮನ ಕಡೆ ತಿರುಗಿ ಕೇಳಿದರು: "ಏನಮ್ಮಾ, ಬೀಸೋ ಕಲ್ಲಿಗೆ ಗೂಟ ಅಂಚಲ್ಲಿ ಯಾಕಿರುತ್ತೆ? ನಡುವಿಗೆ ಹತ್ತಿರ ಇದ್ದಿದ್ದರೆ ಪಟ್ ಅಂತ ಒಂದು ಸುತ್ತು ಬರುತ್ತಿತ್ತಲ್ಲ?"

"ಅಂಗಿದ್ರೆ ರಾಗಿ ಬೀಸೋಳ ತೋಳೇ ಕಿತ್ಕೊಂಡ್ ಬತ್ತದೆ, ಅಯ್ನೋರೆ" ಎಂದಳು ಬೈರಮ್ಮ. ಆಮೇಲೆ ಗಂಡನ ಕಡೆ ನೋಡಿ, "ಮೊದ್ಲೇ ಒಂದ್ ತೋಳಿಲ್ಲ. ಆಟದ್ ಸಾಮಾನ್ ತಂದವ್ನೆ" ಎಂದಳು.

ಪುಟ್ಟ ಚಕ್ರ ಬಂದ ದಾರಿ ಹಿಡಿಯಿತು. ದೊಡ್ಡದೇ ಉಳಿಯಿತು.

ರಜ ಮುಗಿಯುವ ಹೊತ್ತಿಗೆ ಕಾರು ನೆಲಕ್ಕಿಳಿಯಿತು. ಸ್ಟೇರಿಂಗಿನಲ್ಲಿ ಎರಡು ಬೆರಳಿಟ್ಟರೆ ಸಾಕು, ಹೇಳಿದ ಮಾತು ಕೇಳುತ್ತಿತ್ತು. ಬೆರಳು ಅಲುಗಿದ ಕೂಡಲೇ ಚಕ್ರವೂ ಅಲುಗುತ್ತಿತ್ತು. ಸುಬ್ಬಣ್ಣನವರು ತಾವೇ ಪಾಂಡವಪುರದ ಬೀದಿಗಳಲ್ಲಿ ಓಡಿಸಿ ನೋಡಿದರು, ಮಡದಿಯನ್ನು ಕೂರಿಸಿಕೊಂಡು ಗಂಜಾಮಿಗೆ ಹೋಗಿ ದೇವಿಗೆ ತೋರಿಸಿ ಬಂದರು. ಮನಸ್ಸು ತುಂಬಿತ್ತು. ಕೀಲಿಕೈಯನ್ನು ತಿಮ್ಮರಾಜುವಿನ ಕೈಗೆ ಕೊಟ್ಟರು. ಮಾರನೆಯ ದಿನ ಕೆಂಪಣ್ಣನವರನ್ನೂ ಸ್ಟ್ಯಾಂಡಿನ ಇಬ್ಬರನ್ನೂ ಹತ್ತಿಸಿಕೊಂಡು ಅರಕೆರೆಯ ನಾಲೆ ಏರಿಯ ಮೇಲೆ ಹೋಗಿ ತೋರಿಸುವುದೆಂದಾಯಿತು. ಮೇಷ್ಟ್ರಿಗೆ ಪಾಠವಿತ್ತು; ಹೋಗಲಿಲ್ಲ.

ಸಂಜೆ ಸುದ್ದಿ ಬಂತು. ಏರಿಗೆ ಹತ್ತಿದ ಕಾರು ನೂರು ಮಾರು ಹೋಗುವಷ್ಟರಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕತೊಡಗಿ, ಬಳುಕಿದಂತೆ ಬಳುಕಿದಂತೆ ಹೆಚ್ಚಾಗಿ, ದೈವಕೃಪೆಯಿಂದ ನಾಲೆಯ ಕಡೆಗೆ ಬೀಳದೆ ಗದ್ದೆಯ ಕಡೆಗೆ ಇಳಿದು ಕೆಸರಿನಲ್ಲಿ ಕೂತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಕೆಂಪಣ್ಣನವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ತಮ್ಮ ಎಕ್ಕಡ ಹುಡುಕುತ್ತ ಹೇಳಿದ್ದಿಷ್ಟು: "ಮೊದ್ಲು ಇದು ಕುಡ್ದೋನ್ ನಡ್ದಂಗೆ ಓಯ್ತಿತ್ತು. ಈಗ ಆವ್ ಅರ್ದಂಗೆ ಅರೀತದೆ. ತಿಮ್ಮರಾಜ, ಇವತ್ತಿಂದ ಈ ಕಾರ್ಗೆ ಸರದಿ ಇಲ್ಲ."

ಮೇಷ್ಟ್ರು ಚೆನ್ನಾಗಿದ್ದ ಕಾರನ್ನು ಕೆಡಿಸಿದರು ಎಂಬ ಮಾತು ನಾಲ್ಕು ತಾಲ್ಲೂಕಿಗೂ ಬಸ್ಸಿಗಿಂತ ಮೊದಲು ಮುಟ್ಟಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಶಾಲೆಯಲ್ಲೇ ಕೆಲವರು ನಕ್ಕರು. ಸುಬ್ಬಣ್ಣನವರು ಕಾರನ್ನು ಎಳೆಸಿ ತಂದು ಮತ್ತೆ ಹೊಂಗೆಮರದಡಿಯಲ್ಲಿ ನಿಲ್ಲಿಸಿ, ಕೆಸರು ತೊಳೆದು, ಕೀಲು ಕೀಲನ್ನೂ ಮತ್ತೊಮ್ಮೆ ನೋಡಿದರು. ತಪ್ಪು ಸಿಗಲಿಲ್ಲ. ತಾವು ಓಡಿಸಿದರೆ ಗೆರೆ ಎಳೆದಂತೆ ಹೋಗುತ್ತಿತ್ತು. ತಿಮ್ಮರಾಜು ಕೂತರೆ ಬಳುಕುತ್ತಿತ್ತು. ಹೆಗಲಿನ ಬಲಹೀನತೆ ಎನ್ನೋಣವೆಂದರೆ, ಎರಡು ಬೆರಳಿನ ಕೆಲಸಕ್ಕೆ ಹೆಗಲೇಕೆ?

ತಿಮ್ಮರಾಜು ಸೋತು ಹೋಗಿದ್ದ. "ಮೇಷ್ಟ್ರೇ, ಅಳೇ ಸಡಿಲಾನೇ ವಾಪಸ್ ಮಾಡ್ಬುಡಿ. ಅದು ನಂಗೆ ಗೊತ್ತಿರೋ ದೆವ್ವ. ಅಂಗೇ ಮಾರ್ಬುಡ್ತೀನಿ" ಎಂದ.

"ಒಂದು ವಾರ ತಡಿ" ಎಂದರು ಮೇಷ್ಟ್ರು. ಆಗ ಅವರಿಗೂ ದಾರಿ ಕಂಡಿರಲಿಲ್ಲ. ಆ ದಿನಗಳಲ್ಲಿ ಬೆಳಗಿನ ಪೂಜೆಗೆ ಕೂತರೂ ಮನಸ್ಸು ಕಿಂಗ್‌ಪಿನ್ನಿನ ಸುತ್ತಲೇ ಸುತ್ತುತ್ತಿತ್ತು, ದೇವರ ಹೆಸರಿನ ನಡುವೆ ಬೇರಿಂಗಿನ ಹೆಸರು ಬಂದುಬಿಡುತ್ತಿತ್ತು ಎಂದು ಅವರೇ ಹೇಳಿಕೊಂಡದ್ದುಂಟು.

ದಾರಿ ಕಂಡದ್ದು ಬಸ್ಸಿನಲ್ಲಿ. ಕಾರು ಬಳುಕಿದ ಜಾಗವನ್ನು ಕಣ್ಣಾರೆ ನೋಡಬೇಕೆಂದು ಸುಬ್ಬಣ್ಣನವರು ತಿಮ್ಮರಾಜುವನ್ನು ಕರೆದುಕೊಂಡು ಅರಕೆರೆಯ ಬಸ್ಸು ಹತ್ತಿದ್ದರು. ಸಂತೆಯ ದಿನ. ಮೇಷ್ಟ್ರಿಗೆ ಯಾರೋ ಜಾಗ ಕೊಟ್ಟರು, ತಿಮ್ಮರಾಜು ಅವರೆದುರಿಗೇ ಸೀಟಿನ ಮೇಲಿನ ಸರಳು ಹಿಡಿದು ನಿಂತ. ಬಸ್ಸು ನಾಲೆ ಏರಿಗೆ ಬಂತು. ಸುಬ್ಬಣ್ಣನವರ ಕಣ್ಣು ಸರಳಿನ ಮೇಲಿದ್ದ ಆ ಕೈಗಳ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ತಿಮ್ಮರಾಜುವಿನ ಎರಡು ಕೈಗಳೂ ಆ ಸರಳನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಬಿಡುವಿಲ್ಲದೆ ತಿರುವುತ್ತಿದ್ದವು. ಅವನು ಕಿಟಕಿಯಾಚೆ ಗದ್ದೆ ನೋಡುತ್ತಿದ್ದ. ಕೈಗಳ ಸುದ್ದಿ ಅವನಿಗಿರಲಿಲ್ಲ.

"ತಿಮ್ಮರಾಜು, ಈ ಬಸ್ಸು ಓಡಿಸ್ತಿರೋದು ಯಾರು?"

"ಡ್ರೈವರಣ್ಣ, ಮೇಷ್ಟ್ರೇ."

"ಮತ್ತೆ ನೀನ್ಯಾಕಪ್ಪಾ ತಿರುಗಿಸ್ತಾ ಇದೀಯ?"

ತಿಮ್ಮರಾಜು ತನ್ನ ಕೈ ನೋಡಿಕೊಂಡ. ಕೈ ನಿಂತಿತು. ಬಸ್ಸು ಗುಂಡಿಗೆ ಇಳಿಯಿತು. ಕೈ ಮತ್ತೆ ತಿರುವಿತು. ಪಕ್ಕದಲ್ಲಿದ್ದ ಸೊಪ್ಪಿನ ಹೆಂಗಸು ನಕ್ಕಳು: "ಬುಡಣ್ಣೋ, ಸರಳು ಕಿತ್ಕೊಂಡ್ ಬತ್ತದೆ."

ಸುಬ್ಬಣ್ಣನವರಿಗೆ ಎಲ್ಲವೂ ತಿಳಿಯಿತು. ಸಡಿಲವಾದ ಕಾರನ್ನು ನೇರ ಒಯ್ಯಬೇಕಾದರೆ ಸ್ಟೇರಿಂಗನ್ನು ಸದಾ ಎಡಬಲಕ್ಕೆ ಆಡಿಸುತ್ತಲೇ ಇರಬೇಕು. ಆ ಸೀಮೆಯ ಡ್ರೈವರುಗಳೆಲ್ಲ ಕಲಿತದ್ದೇ ಹಾಗೆ. ತೊಟ್ಟಿಲು ತೂಗಿದಂತೆ ಸ್ಟೇರಿಂಗು ತೂಗುತ್ತ ಹೋಗುವುದನ್ನೇ ಅವರು ಓಡಿಸುವುದು ಎಂದುಕೊಂಡಿದ್ದರು. ಆ ತೂಗಾಟವನ್ನು ಹಳೆಯ ಸಡಿಲ ನುಂಗಿಕೊಳ್ಳುತ್ತಿತ್ತು. ಈಗ ನುಂಗುವವರಿಲ್ಲ. ಕೈ ತೂಗಿದ್ದೆಲ್ಲ ಚಕ್ರಕ್ಕೆ ಮುಟ್ಟುತ್ತಿತ್ತು.

ಅಲ್ಲೇ, ಸಂತೆಯ ಬಸ್ಸಿನಲ್ಲೇ, ಸುಬ್ಬಣ್ಣನವರು ತಿಮ್ಮರಾಜುವಿಗೆ ಹೇಳಿದರು: "ತಪ್ಪು ನನ್ನದಪ್ಪಾ. ಕಬ್ಬಿಣ ನೋಡಿದೆ, ಕೈ ನೋಡಲಿಲ್ಲ. ಕಾರಿನ ರೋಗ ಬಿಡಿಸಿದೆ, ಅದು ನಿನ್ನ ಕೈಯಲ್ಲಿ ಉಳಿದುಕೊಂಡಿದೆ. ನಾಳೆ ಬೆಳಿಗ್ಗೆ ಬಾ, ಅದನ್ನೂ ಬಿಡಿಸೋಣ."

"ಉಟ್ಟುಗುಣ ಸುಟ್ರೂ ಓಗಲ್ಲ ಅಂತಾರೆ ಮೇಷ್ಟ್ರೇ."

"ಇದು ನೀನು ಹುಟ್ಟುವಾಗ ತಂದದ್ದಲ್ಲ. ಕಲಿತದ್ದು. ಕಲಿತದ್ದನ್ನ ಬಿಡಬಹುದು."

ಅಂದಿನಿಂದ ಪಾಂಡವಪುರದ ಸಂತೆಮಾಳದಲ್ಲಿ ಬೆಳಗಿನ ಹೊತ್ತು ಒಂದು ವಿಚಿತ್ರ ಶಾಲೆ ನಡೆಯಿತು. ಹಾಲಿನ ಕ್ಯಾನಿನವರು, ಡಿಪೋಗೆ ಹೋಗುವ ಕಂಡಕ್ಟರುಗಳು ನಿಂತು ನೋಡುತ್ತಿದ್ದರು. ಮೇಷ್ಟ್ರು ಒಂದು ಎಳೆಯ ವೀಳ್ಯದೆಲೆಯನ್ನು ತಿಮ್ಮರಾಜುವಿನ ಬಲ ಅಂಗೈಗೂ ಸ್ಟೇರಿಂಗಿಗೂ ನಡುವೆ ಇಡುತ್ತಿದ್ದರು. ಮಾಳವನ್ನು ಸುತ್ತಿ ಬರುವಷ್ಟರಲ್ಲಿ ಎಲೆ ಮುದುರಬಾರದು, ಜಾರಿ ಬೀಳಲೂ ಬಾರದು. ಕೈ ಬಿಗಿದರೆ ಎಲೆ ಹರಿಯುತ್ತದೆ, ತೂಗಿದರೆ ಮುದುರುತ್ತದೆ. ಸುಬ್ಬಣ್ಣನವರಿಗೆ ಊಟವಾದ ಮೇಲೆ ತಾಂಬೂಲವಿಲ್ಲದೆ ದಿನವೇ ಕಳೆಯದು. ಅಂಥವರು, ಒಂದು ಎಲೆ ಇಡಿಯಾಗಿ ಮರಳಿ ಬರುವ ತನಕ ತಾವು ಎಲೆ ಮುಟ್ಟುವುದಿಲ್ಲ ಎಂದುಬಿಟ್ಟರು.

ಎಲೆಗಳು ಹರಿದವು, ಮುದುರಿದವು, ರಸವಾದವು. ತಿಮ್ಮರಾಜು ಸಿಟ್ಟಿಗೆದ್ದು ಎರಡು ಸಲ ಕೀಲಿಕೈ ಎಸೆದು ಊರಿಗೆ ಹೋದ. ಎರಡು ಸಲವೂ ಬೈರಮ್ಮ ಮಾರನೆಯ ದಿನದ ಮೊದಲ ಬಸ್ಸಿಗೆ ಅವನನ್ನು ಹತ್ತಿಸಿ ಕಳಿಸಿದಳು. ಮೂರನೆಯ ವಾರಕ್ಕೆ ಅವನೇ ಕೇಳಿದ: "ಮೇಷ್ಟ್ರೇ, ಕೈ ಸುಮ್ನಿದ್ರೆ ಕಾರ್ ಎಂಗ್ ಓಯ್ತದೆ? ಏನೋ ಒಂದ್ ಮಾಡ್ತಾ ಇರ್ಬೇಕಲ್ವಾ?"

"ಜಪಕ್ಕೆ ಕೂತವನೂ ಮೊದಮೊದಲು ಹಾಗೇ ಅಂದುಕೊಳ್ಳೋದು" ಎಂದರು ಸುಬ್ಬಣ್ಣನವರು. "ಏನಾದರೂ ಮಾಡ್ತಾ ಇರಬೇಕು ಅಂತ. ಮಾಡಬೇಕಾದ್ದು ಬಂದಾಗ ಮಾಡು. ಅಲ್ಲೀವರೆಗೆ ಹಿಡಿದಿರು, ಅಷ್ಟೇ."

ಭಾಗೀರಥಮ್ಮನವರು ಗಂಡನ ಮುಂದೆ ಬರಿಯ ಅಡಿಕೆ ಇಡುವ ಹೊತ್ತಿಗೆ ದಿನಾ ಕೇಳುತ್ತಿದ್ದರು: "ಇವತ್ತೂ ಇಲ್ಲವೇ?" ಆಷಾಢ ಕಳೆಯಿತು. ಶ್ರಾವಣದ ಒಂದು ಬೆಳಿಗ್ಗೆ ತಿಮ್ಮರಾಜು ಮಾಳ ಸುತ್ತಿ ಬಂದು, ಕಾರು ನಿಲ್ಲಿಸಿ, ಅಂಗೈ ಬಿಚ್ಚಿದ. ಎಲೆ ಬೆವರಿನಲ್ಲಿ ನೆಂದಿತ್ತು, ಬಾಡಿತ್ತು, ಇಡಿಯಾಗಿತ್ತು. ಮೇಷ್ಟ್ರು ಅದನ್ನು ಪಂಚೆಯ ಸೆರಗಿನಲ್ಲಿ ಒರೆಸಿ, ಸುಣ್ಣ ಹಚ್ಚಿ, ಅಲ್ಲೇ ಬಾಯಿಗೆ ಹಾಕಿಕೊಂಡರು. ಮಡಿಯ ಮನೆಯಲ್ಲಿ ಹುಟ್ಟಿದವರು ಹಾಗೆ ಮಾಡಿದ್ದನ್ನು ಕಂಡು ತಿಮ್ಮರಾಜುವಿನ ಕಣ್ಣು ತುಂಬಿತು. ಅವರು ಅದನ್ನು ಗಮನಿಸದವರಂತೆ, "ಕೆಂಪಣ್ಣನವರಿಗೆ ಹೇಳಿಕಳಿಸು" ಎಂದರು.

ಕೆಂಪಣ್ಣನವರು ಸುಲಭಕ್ಕೆ ಒಪ್ಪಲಿಲ್ಲ. "ನನ್ ಒಂದ್ ಎಕ್ಕಡ ಇನ್ನೂ ಆ ಗದ್ದೇಲೇ ಅದೆ" ಎಂದರು. ಕೊನೆಗೆ, ಸಂತೆಮಾಳದ ಆಟ ತಮಗೆ ಬೇಡ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ಮೂರನ್ನೂ ಸುತ್ತಿ ಕತ್ತಲಾಗುವ ಮುಂಚೆ ಮರಳಿ ಬರಬೇಕು, ತಾವು ಮುಂದಿನ ಸೀಟಿನಲ್ಲಿ ಕೂರುತ್ತೇವೆ, ಒಂದೇ ಒಂದು ಸಲ ಕಾರು ಬಳುಕಿದರೂ ಅಲ್ಲೇ ಇಳಿದು ಬಸ್ಸು ಹತ್ತುತ್ತೇವೆ, ಆಮೇಲೆ ಸರದಿಯ ಮಾತು ಎತ್ತಕೂಡದು ಎಂದರು. ಅವರು ಹೊಸ ಎಕ್ಕಡ ಮೆಟ್ಟಿಕೊಂಡು ಬಂದು ಕೂತರು. ಮೇಷ್ಟ್ರು ಹಿಂದೆ ಕೂತರು.

ನಾಗಮಂಗಲದವರೆಗೆ ಕೆಂಪಣ್ಣನವರು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. ನಾಗಮಂಗಲದಲ್ಲಿ ಕಾಫಿಗೆ ಇಳಿದಾಗ ಕೆಂಪಣ್ಣನವರು, "ರಸ್ತೆ ಚೆಂದಾಗದೆ" ಎಂದು ಮಾತ್ರ ಅಂದರು. ಅಂದರೆ ಕಾರು ನೇರವಾಗಿ ಬಂದದ್ದು ರಸ್ತೆಯ ಗುಣ.

ಕೃಷ್ಣರಾಜಪೇಟೆ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಮುಂದೆ ಕಬ್ಬು ತುಂಬಿದ ಟ್ರಾಕ್ಟರೊಂದು ಏರು ಹತ್ತುತ್ತಿತ್ತು. ತಿಮ್ಮರಾಜು ವೇಗ ತಗ್ಗಿಸಿ, ಗೇರು ಬದಲಿಸಲು ಎಡಗೈಯನ್ನು ಕೋಲಿಗೆ ಒಯ್ದ. ಅದೇ ಗಳಿಗೆಗೆ ಟ್ರಾಕ್ಟರಿನ ಹಗ್ಗ ಕಿತ್ತು, ಕಬ್ಬಿನ ಹೊರೆಯೊಂದು ಜಾರಿ ಕಾರಿನೆದುರಿಗೆ ರಸ್ತೆಗೆ ಬಿತ್ತು. ಬಲಗೈ ಒಂದೇ ಇತ್ತು. ಅದೇ ಕಸುವಿಲ್ಲದ ಕೈ. ಸುಬ್ಬಣ್ಣನವರು ಹಿಂದಿನಿಂದ ಆ ಕೈಯನ್ನೇ ನೋಡುತ್ತಿದ್ದರು. ಅದು ಒಂದು ಸಲ ಬಲಕ್ಕೆ ಬಾಗಿತು, ಕಾರು ಹೊರೆಯನ್ನು ಬಳಸಿತು. ಒಂದು ಸಲ ಎಡಕ್ಕೆ ಬಾಗಿತು, ಕಾರು ತನ್ನ ಜಾಡಿಗೆ ಬಂತು. ಆಮೇಲೆ ಕೈ ಸುಮ್ಮನಾಯಿತು. ಎರಡನೆಯ ತೂಗಾಟವಿಲ್ಲ. ಎಡಗೈ ಗೇರು ಹಾಕಿ ಮುಗಿಸಿ ತನ್ನ ಜಾಗಕ್ಕೆ ಬಂತು.

ಆಗ ಸುಬ್ಬಣ್ಣನವರ ಕಣ್ಣಿಗೆ ಮುಂದಿನ ಎಡಸೀಟು ಬಿತ್ತು. ಕೆಂಪಣ್ಣನವರು ಎದುರಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ತೂಗುತ್ತಿದ್ದರು. ತೂಗುತ್ತಲೇ, "ಮುಂದೆ ನೋಡ್ಕಂಡ್ ಓಡ್ಸ್ಲಾ" ಎಂದು ಗದರಿದರು.

ಬಿಸಿಲು ಇನ್ನೂ ಇರುವಾಗಲೇ ಶ್ರೀರಂಗಪಟ್ಟಣ ಬಂತು. ಸ್ಟ್ಯಾಂಡಿನವರೆಲ್ಲ ಎದ್ದು ನಿಂತು ಕೆಂಪಣ್ಣನವರ ಮುಖ ನೋಡಿದರು. ಅವರು ಇಳಿದು ತಮ್ಮ ಕಾರಿನ ಹತ್ತಿರ ಹೋದರು. ಅದು ಸಾಲಿನ ನಡುವೆ ನಿಂತಿತ್ತು. ಬಾಗಿಲು ತೆಗೆದು, ಬ್ರೇಕು ಸಡಿಲಿಸಿ, ಹೆಗಲು ಕೊಟ್ಟು ತಮ್ಮ ಕಾರನ್ನು ತಾವೇ ಒಂದು ಕಾರಿನುದ್ದ ಹಿಂದಕ್ಕೆ ತಳ್ಳಿದರು. ಹಿಂದಿನವರು ತಮ್ಮ ತಮ್ಮ ಕಾರು ಸರಿಸಿಕೊಂಡರು. ಸಾಲಿನಲ್ಲಿ ಒಂದು ಜಾಗವಾಯಿತು.

"ನಿಂತ್ಕೊ" ಎಂದರು.

ಅಂದಿನಿಂದ ಇಂದಿನವರೆಗೆ ಆ ಫಿಯೆಟ್ಟು ಆ ಸಾಲಿನಲ್ಲಿ ಸರದಿ ತಪ್ಪದೆ ನಿಂತಿದೆ. ತಿಮ್ಮರಾಜುವಿನ ಮನೆ ಅದರ ಮೇಲೆ ನಡೆದಿದೆ. ಸುಬ್ಬಣ್ಣನವರು ಆಮೇಲೆ ತಮ್ಮ ಪಾಠದ ಕ್ರಮವನ್ನೇ ಬದಲಿಸಿದರು. ಸ್ಟೇರಿಂಗಿನ ಪಾಠ ಬಂದಾಗ ಹುಡುಗರನ್ನು ಮೊದಲು ಕಾರಿನ ಕೆಳಕ್ಕೆ ಕಳಿಸುವುದಿಲ್ಲ. ಆ ಕಾರು ಓಡಿಸುವವನ ಪಕ್ಕದಲ್ಲಿ ಕೂರಿಸಿ ಒಂದು ಊರು ಸುತ್ತಿ ಬನ್ನಿ ಎನ್ನುತ್ತಾರೆ. ಏನು ನೋಡಬೇಕು ಸಾರ್ ಎಂದು ಕೇಳಿದರೆ, ಬಂದ ಮೇಲೆ ಹೇಳಿ ಎನ್ನುತ್ತಾರೆ. ಅವರಲ್ಲಿ ಕಲಿತವರು ಇಂದು ನಾಲ್ಕು ತಾಲ್ಲೂಕಿನ ಗ್ಯಾರೇಜುಗಳಲ್ಲಿ ಗಿರಾಕಿಯ ಕೈ ನೋಡಿ ಗಾಡಿಯ ಕೀಲು ಬಿಚ್ಚುತ್ತಾರೆ. ಕೈಂಕರ್ಯವೆಂದರೆ ಇದೇ ಇರಬೇಕು. ಹೂವಾದರೇನು, ಕಬ್ಬಿಣವಾದರೇನು, ಯಾರಿಗಾಗಿ ಎಂಬುದನ್ನು ಮರೆಯದೆ ಮಾಡಿದ್ದು.

ಸುಬ್ಬಣ್ಣನವರು ನಿವೃತ್ತಿಯ ಮೇಲೆ ಗಂಜಾಮಿನ ಮನೆಗೆ ಮರಳಿ, ನದಿಯ ಮೆಟ್ಟಿಲ ಮೇಲೆ ಕೂತು ಕಾಲ ಕಳೆಯುವರೆಂದು ಅವರ ಮನೆಯವರು ನಂಬಿದ್ದರು. ಮೊನ್ನೆ ಆ ಮನೆಯ ಮುಂದೆ ಇನ್ನೊಂದು ಹಳೆಯ ಕಾರು ಬಂದು ನಿಂತಿದೆ. ತಂದವರು ಕೆಂಪಣ್ಣನವರು. ವಯಸ್ಸು ಎಪ್ಪತ್ತರ ಹತ್ತಿರ. "ನಂದೂ ಒಸಿ ಬಿಗಿ ಮಾಡ್ಕೊಡಿ ಮೇಷ್ಟ್ರೇ. ಕೈಗಿಯ್ ಏನೂ ನೋಡ್ಬ್ಯಾಡಿ, ನನ್ ಕೈ ಸರ್ಯಾಗೇ ಅದೆ" ಎಂದರಂತೆ. ಸುಬ್ಬಣ್ಣನವರು ಕಾರನ್ನು ಒಪ್ಪಿಕೊಂಡಿದ್ದಾರೆ. ಅಂದಿನಿಂದ ಮತ್ತೆ ತಾಂಬೂಲ ಬಿಟ್ಟಿದ್ದಾರೆ.

ಕಾರಿನ ಕೆಲಸ ಒಂದು ತಿಂಗಳಲ್ಲಿ ಮುಗಿದೀತು. ಕೆಂಪಣ್ಣನವರ ಕೈಯಾದರೋ ನಲವತ್ತು ವರ್ಷ ತೂಗಿದ ಕೈ. ಅವರ ಹಟವೂ ಮೇಷ್ಟ್ರ ಹಟಕ್ಕೆ ಸಮಸಮ. ಅದು ಸುಮ್ಮನಾಗುವವರೆಗೆ ಎಷ್ಟು ವೀಳ್ಯದೆಲೆ ಹರಿಯಬೇಕೋ, ಎಷ್ಟು ಶ್ರಾವಣ ಕಳೆಯಬೇಕೋ ಬಲ್ಲವರಾರು? ಎಷ್ಟೇ ಆಗಲಿ, ಅಷ್ಟೂ ವರ್ಷದ ಆಯುಸ್ಸನ್ನೂ ಗಟ್ಟಿ ಮೈಯನ್ನೂ ತಾಯಿ ನಿಮಿಷಾಂಬೆ ಇಬ್ಬರಿಗೂ ಕರುಣಿಸಲಿ. ಕೆಂಪಣ್ಣನವರು ಬೇಗ ಕಲಿಯದಿರಲಿ.